ಕುಕ್ಕುಂದೂರಿನ ಕತ್ತಲೆಯಲ್ಲಿ ಬೆಳಕಿನ ಗೆರೆಗಳು

ಕಾರ್ಕಳ ಎಂದೊಡನೆ ಪ್ರವಾಸಿಗರ ಕಣ್ಣ ಮುಂದೆ ನಿಲ್ಲುವುದು ಗೊಮ್ಮಟ. 1432ರಲ್ಲಿ ವೀರಪಾಂಡ್ಯ ಭೈರರಸ ಬಂಡೆಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿದ ಆ 42 ಅಡಿಯ ಏಕಶಿಲಾ ಮೂರ್ತಿಯನ್ನು ನೋಡಿ, 1586ರ ಚತುರ್ಮುಖ ಬಸದಿಯ ಕಂಬಗಳ ನಡುವೆ ಸುತ್ತಾಡಿ, ಅತ್ತೂರಿನ ಇಗರ್ಜಿಗೂ ಒಮ್ಮೆ ಹೋಗಿ ಬಂದರೆ ದಿನ ಮುಗಿಯಿತು. ಸಂಜೆಯ ಬಸ್ಸು ಹತ್ತಿ ಉಡುಪಿಯ ಕಡೆಗೆ ಮರಳುತ್ತಾರೆ. ಪೇಟೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಆ ಬಸ್ಸು ಕುಕ್ಕುಂದೂರನ್ನು ಹಾದುಹೋಗುತ್ತದೆ. ಅಲ್ಲಿ ಇಳಿಯುವವರು ಊರಿನವರು ಮಾತ್ರ. ಪ್ರವಾಸಿಗರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಆದರೆ ಕ್ಯಾಮರಾ ಹಿಡಿದ ಹುಡುಗ ಹುಡುಗಿಯರಿಗೆ ಕುಕ್ಕುಂದೂರು ಒಂದು ಒಳ್ಳೆಯ ಪಾಠಶಾಲೆ. ಇಲ್ಲಿ ನೋಡಬೇಕಾದ್ದು ಶಿಲ್ಪವೂ ಅಲ್ಲ, ಜಲಪಾತವೂ ಅಲ್ಲ. ಕತ್ತಲಾದ ಮೇಲೆ ರಸ್ತೆಯಲ್ಲಿ ಓಡುವ ವಾಹನಗಳ ದೀಪ, ಅಷ್ಟೆ. ಕಣ್ಣಿಗೆ ಒಂದು ಕ್ಷಣ ಕಂಡು ಮರೆಯಾಗುವ ಆ ದೀಪಗಳನ್ನು ಕ್ಯಾಮರಾ ಹತ್ತಿಪ್ಪತ್ತು ಸೆಕೆಂಡು ಕಣ್ಣು ಮುಚ್ಚದೆ ನೋಡಿದರೆ, ಚಿತ್ರದಲ್ಲಿ ಮೂಡುವುದು ಬಿಳಿ ಮತ್ತು ಕೆಂಪು ಗೆರೆಗಳ ಹೊಳೆ. ಕಾರು ಇಲ್ಲ, ಬಸ್ಸು ಇಲ್ಲ, ಅವು ಹೋದ ದಾರಿ ಮಾತ್ರ ಉಳಿದಿರುತ್ತದೆ.

ಜೋಡುರಸ್ತೆಯ ಊರು

ಕುಕ್ಕುಂದೂರಿನ ಜನನಿಬಿಡ ಜಾಗದ ಹೆಸರೇ ಜೋಡುರಸ್ತೆ. ಕಾರ್ಕಳದಿಂದ ಬಂದ ದಾರಿ ಇಲ್ಲಿ ಕವಲಾಗುತ್ತದೆ. ಒಂದು ಬೈಲೂರು, ಹಿರಿಯಡ್ಕ, ಪರ್ಕಳಗಳನ್ನು ಹಾದು ಮಣಿಪಾಲ, ಉಡುಪಿಗೆ ಹೋಗುತ್ತದೆ. ಇನ್ನೊಂದು ಹಿರ್ಗಾನ, ಅಜೆಕಾರುಗಳ ಮೂಲಕ ಹೆಬ್ರಿಯತ್ತ, ಘಟ್ಟದ ಬುಡಕ್ಕೆ. ಸಂಜೆಯಾಗುತ್ತಿದ್ದಂತೆ ಮಣಿಪಾಲದ ಕಾಲೇಜು, ಆಸ್ಪತ್ರೆಗಳಿಂದ ಮರಳುವವರು, ಪೇಟೆಯಲ್ಲಿ ಅಂಗಡಿ ಮುಚ್ಚಿ ಹೊರಟವರು, ಜಲ್ಲಿ, ಕೆಂಪುಕಲ್ಲು ಹೇರಿಕೊಂಡ ಲಾರಿಗಳು, ದೂರದೂರಿಗೆ ಹೊರಟ ರಾತ್ರಿ ಬಸ್ಸುಗಳು ಎಲ್ಲವೂ ಈ ಕವಲಿನಲ್ಲಿ ಸೇರುತ್ತವೆ, ಬೇರೆಯಾಗುತ್ತವೆ.

ದೀರ್ಘಕಾಲದ ಬೆಳಕಿನ ಚಿತ್ರಕ್ಕೆ ಬೇಕಾದ್ದು ಇಂಥದೇ ಜಾಗ. ಮಹಾನಗರದ ವೃತ್ತಗಳಲ್ಲಿ ದೀಪಗಳು ಅತಿಯಾಗಿ ಗೆರೆಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ. ತೀರಾ ಹಳ್ಳಿಯ ದಾರಿಯಲ್ಲಿ ಅರ್ಧ ಗಂಟೆಗೊಂದು ವಾಹನ. ಕುಕ್ಕುಂದೂರಿನಲ್ಲಿ ಎರಡರ ನಡುವಿನ ಹದವಿದೆ. ಕವಲಿನಿಂದ ಸ್ವಲ್ಪ ದೂರ ನಡೆದರೆ ಗೇರುಮರಗಳ ಕತ್ತಲೆ. ಆ ಕತ್ತಲೆಯೇ ಗೆರೆಗಳಿಗೆ ಕಪ್ಪು ಹಲಗೆ.

ಕಾಣೆಯಾದ ಗಾಡಿಗಳು

ಓಡುವ ವಸ್ತು ಚಿತ್ರದಲ್ಲಿ ಮಾಯವಾಗುವುದು ಹೊಸ ಸಂಗತಿಯಲ್ಲ. ಛಾಯಾಗ್ರಹಣದಷ್ಟೇ ಹಳೆಯದು. 1838ರಲ್ಲಿ ಫ್ರಾನ್ಸಿನ ಡಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಆ ಹೊತ್ತಿನಲ್ಲಿ ಕುದುರೆಗಾಡಿಗಳೂ ಜನರೂ ತುಂಬಿದ್ದ ಬೀದಿ ಅದು. ಆದರೆ ಚಿತ್ರದಲ್ಲಿ ಬೀದಿ ಬರಿದಾಗಿದೆ. ತಟ್ಟೆಯ ಮೇಲೆ ಬಿಂಬ ಮೂಡಲು ಹಲವು ನಿಮಿಷ ಬೇಕಾಗಿದ್ದುದರಿಂದ ಚಲಿಸುವವರಾರೂ ಅದರಲ್ಲಿ ಉಳಿಯಲಿಲ್ಲ. ಮೂಲೆಯಲ್ಲಿ ನಿಂತು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದ ಒಬ್ಬಾತ ಮಾತ್ರ ಉಳಿದುಕೊಂಡ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಅವನೊಬ್ಬ ಎನ್ನುತ್ತಾರೆ. ನಿಂತದ್ದೇ ಅವನ ಪುಣ್ಯ.

ಮುಂದೆ ಇದೇ ದೋಷವನ್ನು ಕೆಲವರು ಗುಣವಾಗಿ ಮಾಡಿಕೊಂಡರು. 1910ರ ದಶಕದಲ್ಲಿ ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಕಾರ್ಮಿಕರ ಕೈಬೆರಳಿಗೆ ಪುಟ್ಟ ಬಲ್ಬು ಕಟ್ಟಿ, ಕೆಲಸ ಮಾಡುವಾಗ ಕೈ ಎಲ್ಲೆಲ್ಲಿ ಓಡುತ್ತದೆಂಬುದನ್ನು ಗೆರೆಗಳಾಗಿ ಸೆರೆಹಿಡಿದ. ಎಲ್ಲಿ ವ್ಯರ್ಥ ಶ್ರಮವಿದೆ ಎಂದು ತಿಳಿಯುವುದು ಅವನ ಉದ್ದೇಶ. 1949ರಲ್ಲಿ ಚಿತ್ರಕಾರ ಪಿಕಾಸೊ ಕತ್ತಲ ಕೋಣೆಯಲ್ಲಿ ದೀಪ ಹಿಡಿದು ಗಾಳಿಯಲ್ಲೇ ಚಿತ್ರ ಬರೆದ. ಗ್ಯೋನ್ ಮಿಲಿ ಎಂಬ ಛಾಯಾಗ್ರಾಹಕ ಅದನ್ನು ಕ್ಯಾಮರಾದಲ್ಲಿ ಹಿಡಿದ. ಜೋಡುರಸ್ತೆಯಲ್ಲಿ ನಡೆಯುವುದೂ ಅದೇ ಕೆಲಸ. ಇಲ್ಲಿ ಚಿತ್ರ ಬರೆಯುವವರು ಬಸ್ಸಿನ ಡ್ರೈವರುಗಳು. ತಾವು ಬರೆಯುತ್ತಿದ್ದೇವೆ ಎಂಬುದು ಅವರಿಗೆ ತಿಳಿಯದು, ಅಷ್ಟೆ.

ಕ್ಯಾಮರಾಕ್ಕೆ ಏನು ಹೇಳಬೇಕು?

ಬೇಕಾದ ಸಾಮಾನು ಹೆಚ್ಚೇನಿಲ್ಲ. ಷಟರ್ ತೆರೆದಿರುವ ಕಾಲವನ್ನು ನಾವೇ ಗೊತ್ತುಮಾಡಬಲ್ಲ ಒಂದು ಕ್ಯಾಮರಾ, ಅಲುಗದ ಒಂದು ಟ್ರೈಪಾಡ್, ಒಂದು ಟಾರ್ಚು. ಈಗಿನ ಎಷ್ಟೋ ಮೊಬೈಲ್ ಫೋನುಗಳಲ್ಲೂ ಈ ಸೌಲಭ್ಯವಿದೆ. ಕೆಲವು ಫೋನುಗಳು ಷಟರನ್ನು ನಿಜವಾಗಿ ತೆರೆದಿಡದೆ ಹಲವಾರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಅದೇ ಫಲ ಕೊಡುತ್ತವೆ. ಟ್ರೈಪಾಡ್ ಇಲ್ಲದವರು ಮರಳು ತುಂಬಿದ ಚೀಲವನ್ನು ಅಂಗಳದ ಗೋಡೆಯ ಮೇಲಿಟ್ಟು ಅದರಲ್ಲಿ ಕ್ಯಾಮರಾ ಹೂತಿಟ್ಟರೂ ಸಾಕು.

ಐಎಸ್ಒ 100, ಅಪರ್ಚರ್ ಎಫ್ 8 ಅಥವಾ 11, ಕಾಲ 10ರಿಂದ 20 ಸೆಕೆಂಡು. ಆರಂಭಕ್ಕೆ ಇಷ್ಟು. ಫೋಕಸನ್ನು ದೂರದ ಒಂದು ದೀಪಕ್ಕೆ ಹೊಂದಿಸಿ ಕೈಯಿಂದಲೇ ಸ್ಥಿರಗೊಳಿಸಬೇಕು. ಬೆರಳು ಒತ್ತಿದಾಗಿನ ನಡುಕ ತಪ್ಪಿಸಲು ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಬಳಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹುಮಂದಿ ಎಡವುವುದು ಇಲ್ಲೇ. ಗೆರೆ ಮಂಕಾಗಿದೆ ಎಂದು ಕಾಲವನ್ನು ಹೆಚ್ಚಿಸಿದರೆ ಗೆರೆ ಉದ್ದವಾಗುತ್ತದೆಯೇ ಹೊರತು ಪ್ರಕಾಶಮಾನವಾಗುವುದಿಲ್ಲ. ಏಕೆಂದರೆ ಓಡುವ ದೀಪ ಚಿತ್ರದ ಯಾವುದೇ ಒಂದು ಬಿಂದುವಿನಲ್ಲಿ ಇರುವುದು ಒಂದು ಕ್ಷಣ ಮಾತ್ರ. ಷಟರ್ ಹತ್ತು ಸೆಕೆಂಡು ತೆರೆದಿದ್ದರೂ ಮೂವತ್ತು ಸೆಕೆಂಡು ತೆರೆದಿದ್ದರೂ ಆ ಕ್ಷಣ ಬದಲಾಗದು. ಹೆಚ್ಚು ಬೆಳಗುವುದು ಅಲುಗದೆ ನಿಂತ ಮರ, ಮನೆ, ಆಕಾಶ. ಗೆರೆಯ ಹೊಳಪನ್ನು ನಿರ್ಧರಿಸುವುದು ಅಪರ್ಚರ್ ಮತ್ತು ಐಎಸ್ಒ. ಸುತ್ತಲಿನ ಬೆಳಕಿನ ಲೆಕ್ಕಕ್ಕೆ ಮಾತ್ರ ಕಾಲವೂ ಸೇರುತ್ತದೆ. ಇದು ತಿಳಿದರೆ ಅರ್ಧ ವಿದ್ಯೆ ಕೈಗೆ ಬಂದಂತೆ.

ಒಳ್ಳೆಯ ಹೊತ್ತು ನಡುರಾತ್ರಿಯಲ್ಲ. ಸೂರ್ಯ ಮುಳುಗಿದ ಇಪ್ಪತ್ತು ಮೂವತ್ತು ನಿಮಿಷಗಳ ನಂತರ ಆಕಾಶ ಕಡುನೀಲಿಯಾಗಿರುತ್ತದೆ, ವಾಹನಗಳ ದೀಪವೂ ಹತ್ತಿರುತ್ತದೆ. ಆಗ ಮರಗಳ ಆಕಾರ ನೀಲಿಯ ಮೇಲೆ ಕಪ್ಪಾಗಿ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಏಳು ಗಂಟೆಯೊಳಗೆ ಕೆಲಸ ಮುಗಿಸಿ ಮನೆಗೆ ಬಂದು ಓದಲು ಕೂರಬಹುದು. ತಂದೆತಾಯಂದಿರ ಅರ್ಧ ಆಕ್ಷೇಪಣೆ ಇಲ್ಲಿಗೇ ಮುಗಿಯುತ್ತದೆ.

ಮಳೆಗಾಲದ ಮಾತೇ ಬೇರೆ. ಒದ್ದೆ ಡಾಂಬರು ಕನ್ನಡಿಯಾಗಿ ಪ್ರತಿ ಗೆರೆಗೂ ಒಂದು ನೆರಳುಗೆರೆ ಮೂಡುತ್ತದೆ. ಆದರೆ ಕರಾವಳಿಯ ತೇವ ಲೆನ್ಸಿನ ಶತ್ರು. ತಣ್ಣನೆಯ ಕೋಣೆಯಿಂದ ತಂದ ಕ್ಯಾಮರಾ ಹೊರಗೆ ಬಂದೊಡನೆ ಮಂಜು ಹಿಡಿಯುತ್ತದೆ. ಹತ್ತು ನಿಮಿಷ ಚೀಲದಲ್ಲೇ ಇರಿಸಿ ಹೊರಗಿನ ಗಾಳಿಗೆ ಒಗ್ಗಿಸುವುದು ಲೇಸು.

ಗಣಿತನಗರದ ಗಣಿತ

ಕುಕ್ಕುಂದೂರಿನಲ್ಲಿ ಗಣಿತನಗರ ಎಂಬ ಹೆಸರಿನ ಜಾಗವಿದೆ. ಅಲ್ಲಿ ಕಾಲೇಜೂ ಇದೆ. ಆ ಹೆಸರಿಗೆ ಒಪ್ಪುವ ಒಂದು ಲೆಕ್ಕವನ್ನು ಈ ಚಿತ್ರಗಳು ಕಲಿಸುತ್ತವೆ. ಗಂಟೆಗೆ 36 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. ಹತ್ತು ಸೆಕೆಂಡಿನ ಚಿತ್ರದಲ್ಲಿ ಅದರ ಗೆರೆ 100 ಮೀಟರ್. ಇದನ್ನೇ ತಿರುಗಿಸಿ ನೋಡೋಣ. ರಸ್ತೆಗೆ ಅಡ್ಡಲಾಗಿ ನಿಂತು ಎರಡು ಸೆಕೆಂಡಿನ ಚಿತ್ರ ತೆಗೆದಾಗ, ಒಂದು ಗೆರೆ ವಿದ್ಯುತ್ ಕಂಬದ ಬಳಿ ಆರಂಭವಾಗಿ ಮುಂದಿನ ಕಂಬದ ಬಳಿ ಮುಗಿದಿದೆ ಎನ್ನಿ. ಹಗಲಿನಲ್ಲಿ ಹೆಜ್ಜೆಯಿಂದ ಅಳೆದಾಗ ಕಂಬಗಳ ಅಂತರ 30 ಮೀಟರ್ ಇದ್ದರೆ, ಆ ವಾಹನದ ವೇಗ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್. ಪಠ್ಯಪುಸ್ತಕದ ಮೊದಲ ಅಧ್ಯಾಯದ ಸೂತ್ರ ರಸ್ತೆಗೆ ಇಳಿದು ಬಂದಂತಾಯಿತು.

ಗೆರೆಗಳಿಗೆ ಭಾಷೆಯೂ ಇದೆ. ಬಿಳಿ ಎಂದರೆ ನಮ್ಮ ಕಡೆಗೆ ಬಂದದ್ದು, ಕೆಂಪು ಎಂದರೆ ನಮ್ಮಿಂದ ದೂರ ಹೋದದ್ದು. ಎತ್ತರದಲ್ಲಿ ಹಾದ ಗೆರೆ ಬಸ್ಸಿನದೋ ಲಾರಿಯದೋ ಇರಬೇಕು. ಚುಕ್ಕಿ ಚುಕ್ಕಿಯಾದ ಹಳದಿ ಗೆರೆ ಇಂಡಿಕೇಟರಿನದು. ಅಜೆಕಾರಿನ ಕಡೆಗೆ ತಿರುಗಿದ ವಾಹನ ಹೀಗೆ ಮೊದಲೇ ಹೇಳಿ ತಿರುಗಿರುತ್ತದೆ. ಕೆಂಪು ಗೆರೆ ಒಮ್ಮೆಲೇ ದಪ್ಪವಾದಲ್ಲಿ ಯಾರೋ ಬ್ರೇಕು ಒತ್ತಿದ್ದಾರೆ. ಬಿಳಿ ಗೆರೆಯೊಂದು ತನ್ನ ಬದಿ ಬಿಟ್ಟು ರಸ್ತೆಯ ಮಧ್ಯಕ್ಕೆ ಬಾಗಿ ಮತ್ತೆ ಒಳಸೇರಿದ್ದರೆ, ತಿರುವಿನಲ್ಲೇ ಯಾರೋ ಮುಂದಿನ ವಾಹನವನ್ನು ಹಿಂದಿಕ್ಕಿದ್ದಾರೆ.

ಇವೆಲ್ಲದರ ನಡುವೆ ಒಂಟಿಯಾಗಿ, ತೆಳ್ಳಗೆ, ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗುವ ಗೆರೆಯೊಂದು ಇರುತ್ತದೆ. ಅದು ಬೈಕು ಅಥವಾ ಸ್ಕೂಟರಿನದು. ಬಸ್ಸು ಲಾರಿಗಳ ದಪ್ಪ ಗೆರೆಗಳ ಪಕ್ಕದಲ್ಲಿ ಅದು ಎಷ್ಟು ಸಣ್ಣದು, ನಡುವಿನ ಜಾಗ ಎಷ್ಟು ಕಿರಿದು ಎಂಬುದನ್ನು ಉಪದೇಶದ ಮಾತು ತೋರಿಸಲಾರದು. ಈ ಚಿತ್ರ ತೋರಿಸುತ್ತದೆ. ಪಿಯುಸಿ ಸೇರಿದೊಡನೆ ಬೈಕು ಬೇಕೆಂದು ಹಟ ಹಿಡಿದ ಮಗ, ಸಂಜೆ ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಹೋಗುವ ಮಗಳು, ಬೇಡವೆನ್ನಲಾಗದ ಅಪ್ಪ ಅಮ್ಮ ಒಟ್ಟಿಗೆ ಕುಳಿತು ಈ ಒಂದು ಚಿತ್ರವನ್ನು ನೋಡಬೇಕು. ಹದಿನೆಂಟು ತುಂಬದವರ ಕೈಗೆ ಗೇರ್ ಇರುವ ಬೈಕು ಕೊಡುವುದು ಕಾನೂನಿಗೆ ವಿರುದ್ಧ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಹಾಗೆ ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆಯೂ ಇದೆ. ಆದರೆ ದಂಡದ ಭಯಕ್ಕಿಂತ ಆ ತೆಳ್ಳನೆಯ ಗೆರೆ ಹೆಚ್ಚು ಹೇಳುತ್ತದೆ.

ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ಚಿತ್ರ ಎಷ್ಟೇ ಚೆನ್ನಾಗಿರಲಿ, ಡಾಂಬರಿನ ಮೇಲೆ ಟ್ರೈಪಾಡ್ ಇಡುವಂತಿಲ್ಲ. ರಸ್ತೆಯಿಂದ ದೂರ, ಸಾಧ್ಯವಾದರೆ ಎತ್ತರದಲ್ಲಿ ಜಾಗ ಹುಡುಕಬೇಕು. ರಸ್ತೆಬದಿಯ ದಿಣ್ಣೆ, ಪರಿಚಯದವರ ಮನೆಯ ತಾರಸಿ, ಅಂಗಡಿಯ ಮಹಡಿ ಎಲ್ಲವೂ ಆದೀತು. ಮನೆಯವರ ಅನುಮತಿ ಕೇಳುವುದು ಮೊದಲ ಕೆಲಸ. ತಿರುವಿನ ಹೊರಬದಿಯಲ್ಲಿ ನಿಲ್ಲಲೇಬಾರದು. ಹತೋಟಿ ತಪ್ಪಿದ ವಾಹನ ಜಾರುವುದು ಆ ಕಡೆಗೆ. ತಿಳಿಬಣ್ಣದ ಉಡುಪು ತೊಡಬೇಕು. ಫ್ಲಾಷ್ ಬೇಡ, ಟಾರ್ಚು ನೆಲದತ್ತ ಮಾತ್ರ. ಎದುರಿನ ಚಾಲಕನ ಕಣ್ಣಿಗೆ ಬಿದ್ದ ಬೆಳಕು ಅವನನ್ನು ಕೆಲವು ಸೆಕೆಂಡು ಕುರುಡನನ್ನಾಗಿ ಮಾಡುತ್ತದೆ. ಹಗಲಿನಲ್ಲೇ ಹೋಗಿ ಜಾಗ ನೋಡಿ ಬರಬೇಕು. ಮತ್ತು ಎಂದೂ ಒಬ್ಬರೇ ಹೋಗಬಾರದು. ಹಿರಿಯರೊಬ್ಬರು ಜೊತೆಗಿದ್ದರೆ ಕ್ಯಾಮರಾ ನೋಡುವವರು ಒಬ್ಬರು, ರಸ್ತೆ ನೋಡುವವರು ಒಬ್ಬರು ಎಂದಾಗುತ್ತದೆ.

ಹೆಬ್ರಿಯಾಚೆಯ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಈ ಬಗೆಯ ಚಿತ್ರಕ್ಕೆ ಆಸೆ ಹುಟ್ಟಿಸುವಂಥವು. ಆದರೆ ಅದು ಸೋಮೇಶ್ವರ ಅಭಯಾರಣ್ಯದ ದಾರಿ, ಇಕ್ಕಟ್ಟಾದ ರಸ್ತೆ. ಕಾರ್ಕಳದಿಂದ ಮಾಳದ ಮೂಲಕ ಘಟ್ಟ ಹತ್ತುವ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸಾಗುತ್ತದೆ. ರಾತ್ರಿ ಅಲ್ಲಿ ನಿಂತು ಕಾಡಿನ ಜೀವಿಗಳಿಗೆ ತೊಂದರೆ ಕೊಡುವುದಕ್ಕಿಂತ ಆ ಆಸೆಯನ್ನು ಬಿಡುವುದೇ ಮೇಲು. ಕಡಲಿನ ಕಡೆಗೆ ಹೋಗುವವರಿಗೆ ಕಾಪು ಇದೆ. 1901ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭವನ್ನು ಮರಳಿನ ಮೇಲೆ ಸುರಕ್ಷಿತವಾಗಿ ನಿಂತು, ಇದೇ ವಿಧಾನದಲ್ಲಿ ತೆಗೆಯಬಹುದು.

ಆಕಾಶವೂ ಈ ಆಟದಲ್ಲಿ ಸೇರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಷಟರನ್ನು ನಿಮಿಷಗಟ್ಟಲೆ ತೆರೆದಿಟ್ಟರೆ ನಕ್ಷತ್ರಗಳೂ ಗೆರೆಗಳಾಗುತ್ತವೆ. ಕೆಳಗೆ ಮನೆಗೆ ಹೊರಟವರ ಗೆರೆ, ಮೇಲೆ ತಾರೆಗಳ ಗೆರೆ. ಊರಿನಲ್ಲಿ ಸ್ವಲ್ಪ ಕತ್ತಲೆ ಉಳಿದಿದ್ದರೆ ಮಾತ್ರ ಈ ಎರಡನೆಯದು ಸಾಧ್ಯ. ಪ್ರತಿ ಅಂಗಡಿಯ ಮುಂದೆ, ಪ್ರತಿ ಅಂಗಳದಲ್ಲಿ ಎಲ್ಇಡಿ ದೀಪ ಉರಿಸುವ ಮೊದಲು ಊರಿನವರು ಇದನ್ನೂ ಯೋಚಿಸಬಹುದು.

ಹೋಗುವುದು ಹೇಗೆ?

ಉಡುಪಿ, ಮಣಿಪಾಲಗಳಿಂದ ಕಾರ್ಕಳಕ್ಕೆ ಬಸ್ಸುಗಳು ಬೇಕಾದಷ್ಟಿವೆ. ಬೈಲೂರು ಮಾರ್ಗದ ಬಸ್ಸು ಹತ್ತಿ, ಕಾರ್ಕಳ ಪೇಟೆಗೆ ಸ್ವಲ್ಪ ಮೊದಲು ಜೋಡುರಸ್ತೆಯಲ್ಲಿ ಇಳಿಯಬೇಕು. ಮಂಗಳೂರಿನ ಕಡೆಯಿಂದ ಬರುವವರು ಮೂಡುಬಿದಿರೆಯ ಮೂಲಕ ಕಾರ್ಕಳ ತಲುಪಿ ಅಲ್ಲಿಂದ ಮುಂದುವರಿಯಬಹುದು. ಹಗಲಿನಲ್ಲಿ ಗೊಮ್ಮಟ, ಬಸದಿ, ಆನೆಕೆರೆ. ಸಂಜೆಗೆ ಕುಕ್ಕುಂದೂರು ಎಂದು ಹಾಕಿಕೊಂಡರೆ ಒಂದು ದಿನದ ಪ್ರವಾಸ ತುಂಬುತ್ತದೆ. ಮರಳುವ ಬಸ್ಸಿನ ಹೊತ್ತನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಆ ಬಸ್ಸೂ ಹೊರಡುವಾಗ ಯಾರದೋ ಮನೆಯ ತಾರಸಿಯ ಮೇಲಿನ ಕ್ಯಾಮರಾದಲ್ಲಿ ಎರಡು ಕೆಂಪು ಗೆರೆ ಬಿಟ್ಟು ಹೋಗಬಹುದು.