ಗೊರಕೆ

ಸಂತೆಕಲ್ಲೂರಿಂದ ಮಸ್ಕಿಗೆ ಬಂದು ಬೆಂಗಳೂರಿನ ರಾತ್ರಿ ಬಸ್ ಹತ್ತಿದ್ದೆ. ಡ್ರೈವರ್ ಪದೇ ಪದೇ ಕಣ್ಣುಜ್ಜಿಕೊಳ್ಳುವುದನ್ನು ಕಂಡ ಅಜ್ಜನೊಬ್ಬ, "ತಮ್ಮಾ, ಗಾಡಿ ನಿಂದರಿಸು, ಮಕಕ್ಕ ನೀರು ಹೊಡಕೊ" ಅಂದ. ಪುಣ್ಯಾತ್ಮ ನಿಲ್ಲಿಸಿದ.

ಆಗ ನೆನಪಾದದ್ದು ಮಂಗಳೂರಿನ ವಿಮಾನ ದುರಂತ, 2010ರ ಮೇ 22. ದುಬೈನಿಂದ ಬಂದ ವಿಮಾನದ ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಕ್ಯಾಪ್ಟನ್ನರ ಗೊರಕೆ ಕೇಳಿಸಿತ್ತು. ಇಳಿಯುವಾಗ ಸಹಪೈಲಟ್ ಮೂರು ಸಲ ಮೇಲೇರಲು ಹೇಳಿದರೂ ಅವರು ಇಳಿಸಿಯೇಬಿಟ್ಟರು. 158 ಜನ ಸತ್ತರು, 8 ಜನ ಉಳಿದರು. ತನಿಖೆ ಕ್ಯಾಪ್ಟನ್ನರ ತಪ್ಪೆಂದಿತು. ತಪ್ಪು ಅವರದೇ, ಒಪ್ಪಿದೆ. ಆದರೆ ರಾತ್ರಿ ಹೋಗಿ ನಸುಕಿಗೆ ಮರಳುವ ಡ್ಯೂಟಿ ಬರೆದ ಕೈಯನ್ನೂ ಕೇಳಬೇಕಲ್ಲವೇ?

ನಮ್ಮ ಬಸ್ಸು ಅರ್ಧ ತಾಸು ತಡವಾಗಿ ಮುಟ್ಟಿತು.