ಹಳೆಯ ಬಟ್ಟೆಗಳು

ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ಬಟ್ಟೆಗೆ ನಾಲ್ಕು ಮೂಲಗಳನ್ನು ಹೇಳುತ್ತಾನೆ: ತೊಗಟೆ, ಫಲ, ಹುಳು, ರೋಮ. ತೊಗಟೆಯಿಂದ ನಾರುಮಡಿ, ಫಲದಿಂದ ಹತ್ತಿಬಟ್ಟೆ, ಹುಳುವಿನಿಂದ ರೇಷ್ಮೆ, ರೋಮದಿಂದ ಕಂಬಳಿ. ಹತ್ತು ವರ್ಷದ ಹುಡುಗನಾಗಿ ಈ ಭಾಗವನ್ನು ಬಾಯಿಪಾಠ ಮಾಡುವಾಗ, ಹತ್ತಿಯನ್ನು ಹಣ್ಣುಗಳ ಸಾಲಿಗೆ ಸೇರಿಸಿರುವುದು ನನಗೆ ಬಹಳ ವಿನೋದವಾಗಿ ತೋರಿತ್ತು. ಈಗ ಅರವತ್ತು ಕಳೆದ ಮೇಲೆ ಮನೆಯ ಬೀರುವನ್ನು ತೆರೆದು ನೋಡಿದರೆ ಆ ವಿಭಾಗಕ್ರಮ ಸಾಲದೆನಿಸುತ್ತದೆ. ನನ್ನ ಬಟ್ಟೆಗಳ ಮೂಲಗಳೇ ಬೇರೆ. ಕೆಲವು ತಂದೆಯವರಿಂದ ಬಂದವು. ಕೆಲವು ಗುರುಗಳಿಂದ, ಕೆಲವು ಪತ್ನಿಯ ತವರಿನಿಂದ. ಒಂದು ಮಾತ್ರ, ತನ್ನದೆಂದು ಹೇಳಿಕೊಳ್ಳುವಂಥ ಬಟ್ಟೆಯೇ ಇಲ್ಲದಿದ್ದ ಒಬ್ಬಾಕೆಯಿಂದ ಬಂದದ್ದು.

ನಮ್ಮ ತಂದೆಯವರು ಹಾಸನ ಸೀಮೆಯ ಒಂದು ಗ್ರಾಮದ ಶಾನುಭೋಗರು. ದಿನವೂ ಉತ್ತರೀಯವನ್ನು ಹೊದ್ದು ಜಗಲಿಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಅವರು, ಜಮಾಬಂದಿಯ ದಿನ ಮಾತ್ರ ಕಚ್ಚೆಪಂಚೆಯುಟ್ಟು, ಕತ್ತಿನವರೆಗೆ ಗುಂಡಿಯಿರುವ ಕಪ್ಪು ಕೋಟು ತೊಟ್ಟು, ಜರಿಯಂಚಿನ ರುಮಾಲು ಸುತ್ತುತ್ತಿದ್ದರಂತೆ. 'ಅಂತೆ' ಎನ್ನಲು ಕಾರಣವುಂಟು. ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳು ನಿಂತುಹೋದಾಗ ನಾನು ತೊಟ್ಟಿಲು ಬಿಟ್ಟವನಷ್ಟೆ. ಆ ಕಾಯಿದೆ ನ್ಯಾಯವಾದದ್ದೆಂದೇ ನನ್ನ ಮತ. ಊರಿನ ಲೆಕ್ಕ ಬರೆಯುವ ಹಕ್ಕು ಹುಟ್ಟಿನಿಂದ ಬರಬೇಕಾದ ಕಾರಣವಿಲ್ಲ. ಆದರೆ ನ್ಯಾಯವಾದ ಕಾಯಿದೆಯಿಂದಲೂ ಒಂದು ಕೋಟು ಅನಾಥವಾಗುವುದುಂಟು. ತಂದೆಯವರು ಅದನ್ನು ಮತ್ತೆ ತೊಟ್ಟದ್ದನ್ನು ನಾನು ಕಾಣೆ. ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ, ಬಿಸಿಲಿಗೆ ಹಾಕಿ, ಕೊಡವಿ, ಜೇಬುಗಳಲ್ಲಿ ಬೇವಿನ ಸೊಪ್ಪನ್ನಿಟ್ಟು ಮಡಿಸಿಡುತ್ತಿದ್ದರು. ಆ ಕೆಲಸಕ್ಕೆ ಬೇರೆಯವರ ಕೈ ಕೂಡದು. 1984ರಲ್ಲಿ ನನಗೆ ಪ್ರೌಢಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯನ ಕೆಲಸ ಸಿಕ್ಕಿದಾಗ, ಮಾತಿಲ್ಲದೆ ತಂದು ನನ್ನ ಮುಂದಿಟ್ಟರು. ತೋಳು ನಾಲ್ಕು ಬೆರಳು ಗಿಡ್ಡ. ಮೊದಲನೆಯ ದಿನ ಅದನ್ನೇ ತೊಟ್ಟುಹೋದೆ. ಹುಡುಗರು ನಕ್ಕರು. ಅವರ ಸಂತೋಷಕ್ಕೆ ಅಡ್ಡಿಯಾಗದಂತೆ ತೋಳನ್ನು ಇನ್ನಷ್ಟು ಮುಂದೆ ಚಾಚಿ ಹಲಗೆಯ ಮೇಲೆ ರಾಮಶಬ್ದವನ್ನು ಬರೆದೆ. ಸಂಜೆ ತಂದೆಯವರು ಕೇಳಿದ್ದು ಒಂದೇ ಮಾತು: "ಕೋಟಿಗೆ ಸೀಮೆಸುಣ್ಣ ತಾಗಿಸಲಿಲ್ಲ ತಾನೆ?"

ಇದಕ್ಕೆ ಮೊದಲು, ಮೈಸೂರಿನಲ್ಲಿ 1876ರಿಂದ ನಡೆದುಬಂದಿರುವ ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ನಾನು ಓದುತ್ತಿದ್ದಾಗ, ವಸ್ತ್ರಚಿಂತೆ ಬಹಳ ಸುಲಭವಾಗಿತ್ತು. ಒಗೆದ ಬಟ್ಟೆಯ ಜೊತೆಗೆ ಅಮರನು 'ಉದ್ಗಮನೀಯ'ವೆಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾನೆ. ನಮ್ಮಲ್ಲಿ ಪ್ರತಿಯೊಬ್ಬನ ಐಶ್ವರ್ಯವೂ ಅಷ್ಟೆ: ಎಂಟು ಮೊಳದ ಎರಡು ಪಂಚೆ, ಒಂದು ಮೈಮೇಲೆ, ಒಂದು ಗಳುವಿನ ಮೇಲೆ. ಆಷಾಢದಲ್ಲಿ ಎರಡೂ ಒದ್ದೆಯಾಗುತ್ತಿದ್ದುವು. ಒದ್ದೆಯ ಜೊತೆಗೆ ಅಮರನಲ್ಲಿ ಹೆಸರಿಲ್ಲ. ಸಹಪಾಠಿಯೊಬ್ಬನು ಟೆರಿಲಿನ್ ಅಂಗಿಯೊಂದನ್ನು ತಂದು, ಅರ್ಧ ಗಂಟೆಯಲ್ಲಿ ಒಣಗಿಸಿ ತೋರಿಸಿ ನಮ್ಮನ್ನೆಲ್ಲ ಬೆರಗುಗೊಳಿಸಿದ. ಕಲ್ಲೆಣ್ಣೆಯಿಂದ ಹುಟ್ಟುವ ಆ ಐದನೆಯ ಜಾತಿಯನ್ನು ಕೋಶಕಾರನು ಕನಸಿನಲ್ಲಿಯೂ ಕಂಡಿರಲಾರ. ವಿದ್ವತ್ ಪರೀಕ್ಷೆ ಮುಗಿಸಿ ಹೊರಟ ದಿನ ಗುರುಗಳು ತಮ್ಮ ಒಂದು ಉತ್ತರೀಯವನ್ನು ಹೊದಿಸಿ ಕಳುಹಿಸಿದರು. ಅಂಚಿನಲ್ಲಿ ಎರಡು ಕಡೆ ಅವರು ಸ್ವಂತ ಕೈಯಿಂದ ಹಾಕಿದ ಹೊಲಿಗೆಯಿದೆ. ವ್ಯಾಕರಣದಲ್ಲಿ ಅಷ್ಟು ಬಿಗಿಯಾಗಿದ್ದ ಅವರ ಹೊಲಿಗೆ ಮಾತ್ರ ಬಹಳ ಸಡಿಲ.

ಬೀರುವಿನ ಮೇಲಿನ ಅರೆಯಲ್ಲಿ ಪೂಜೆಯ ಮಗುಟವಿದೆ, ಒಂದು ಧಾಬಳಿಯಿದೆ. ಮಡಿಯ ಶಾಸ್ತ್ರವನ್ನು ಬಲ್ಲ ವಾಚಕರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಗಿಡದಲ್ಲಿ ಬಿಡುವ ಹತ್ತಿಯ ಬಟ್ಟೆ ಯಾರಾದರೂ ಮುಟ್ಟಿದ ಮಾತ್ರಕ್ಕೆ ಮೈಲಿಗೆ. ಸಾವಿರಾರು ಹುಳುಗಳನ್ನು ಬಿಸಿನೀರಿನಲ್ಲಿ ಕೊಂದು ತೆಗೆದ ರೇಷ್ಮೆಗೆ ಆ ಭಯ ಅಷ್ಟಾಗಿ ಇಲ್ಲ. ಹುಡುಗನಾಗಿದ್ದಾಗ ಇದನ್ನು ಕೇಳಿದ್ದಕ್ಕೆ ದೊಡ್ಡವರಿಂದ ಗದರಿಕೆ ದೊರೆಯಿತು. ಮಡಿಯಜ್ಜಿಯೊಬ್ಬಳು ಮಾತ್ರ ಮೆಲ್ಲಗೆ ನಕ್ಕಳು.

ಆಕೆ ನಮ್ಮ ತಂದೆಗೆ ಸೋದರತ್ತೆ. ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. 1914ರಲ್ಲಿ ಮಡಿಯಜ್ಜಿಗೆ ಧಾರೆಯಾದಾಗ ವಯಸ್ಸು ಒಂಬತ್ತು. ಕಾಯಿದೆಗೆ ಭಂಗವೇನೂ ಬರಲಿಲ್ಲ. ಹನ್ನೊಂದರಲ್ಲಿ ಮಾಂಗಲ್ಯ ಹೋಯಿತು. ಮುಂದೆ ಕೇಶವೂ ಹೋಗಿ, ಅಂಚಿಲ್ಲದ, ಸೆರಗಿಲ್ಲದ ಕೆಂಪು ಸೀರೆ ಬಂತು. ರವಿಕೆಯಿಲ್ಲ. ವರ್ಷಕ್ಕೆ ಎರಡು ಸೀರೆ. ಒಂದು ಮೈಮೇಲೆ, ಒಂದು ಗಳುವಿನ ಮೇಲೆ. ನಮ್ಮ ಪಾಠಶಾಲೆಯ ಲೆಕ್ಕವೇ. ನಮ್ಮದು ಕೆಲವು ವರ್ಷಗಳಲ್ಲಿ ಮುಗಿಯಿತು; ಆಕೆಯದು 1974ರಲ್ಲಿ ಆಕೆ ತೀರಿಕೊಳ್ಳುವವರೆಗೆ, ಐವತ್ತೆಂಟು ವರ್ಷ ನಡೆಯಿತು. ಆ ಕೆಂಪುಸೀರೆಯನ್ನು ವೈರಾಗ್ಯದ ಚಿಹ್ನೆಯೆಂದು ಹೊಗಳುವವರನ್ನು ನಾನು ಬಲ್ಲೆ. ಅವರಲ್ಲಿ ನನಗಿಂತ ಹೆಚ್ಚು ಓದಿದವರೂ ಉಂಟು. ವೈರಾಗ್ಯವು ತಾನಾಗಿ ಬರತಕ್ಕದ್ದು. ಮಗುವಿನ ಮೇಲೆ ಹೊದಿಸತಕ್ಕದ್ದಲ್ಲ. ದೇಹಿಯು ದೇಹವನ್ನು ಬಿಡುವುದಕ್ಕೆ ಹಳೆಯ ಬಟ್ಟೆ ಕಳೆದು ಹೊಸದನ್ನುಡುವ ಹೋಲಿಕೆ ಗೀತೆಯ ಎರಡನೆಯ ಅಧ್ಯಾಯದಲ್ಲಿದೆಯಷ್ಟೆ. ತಂದೆಯವರ ನಿತ್ಯಪಾರಾಯಣದಲ್ಲಿ ಮಡಿಯಜ್ಜಿ ಅದನ್ನು ಬಾಗಿಲ ಮರೆಯಿಂದ ಎಷ್ಟು ಸಾವಿರ ಸಲ ಕೇಳಿದ್ದಳೋ! ನಾನು ಮೂವತ್ತು ವರ್ಷ ಆ ಶ್ಲೋಕವನ್ನು ಹುಡುಗರಿಗೆ ಹೇಳಿಕೊಟ್ಟೆ. ಒಂದು ಸಲವಾದರೂ ಆಕೆ ನೆನಪಾಗದೆ ಅದನ್ನು ದಾಟಿದವನಲ್ಲ.

ಒಪ್ಪೊತ್ತಿನ ಊಟ ಮುಗಿದ ಮೇಲೆ, ಮಧ್ಯಾಹ್ನದಲ್ಲಿ, ಆಕೆ ಹಿತ್ತಲ ಬಾಗಿಲ ಬೆಳಕಿನಲ್ಲಿ ಹಳೆಯ ಸೀರೆಗಳನ್ನು ಸೇರಿಸಿ ಹೊದಿಕೆ ಹೊಲಿಯುತ್ತಿದ್ದಳು. ನಮ್ಮ ಕಡೆ ಇದಕ್ಕೆ ಬೊಂತೆಯೆಂದು ಹೆಸರು. ನನ್ನ ಪತ್ನಿಯ ಕಡೆ ಕೌದಿ. ನಮ್ಮ ತಾಯಿ, ದೊಡ್ಡಮ್ಮ, ಮದುವೆಯಾಗಿ ಹೋದ ಅತ್ತೆಯರು ಉಟ್ಟು ಹರಿದ ಸೀರೆಗಳೆಲ್ಲ ಆಕೆಯ ಮುಂದೆ ರಾಶಿಯಾಗುತ್ತಿದ್ದುವು. ಕಣ್ಣು ಮಂಜಾಗಿದ್ದುದರಿಂದ ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಬಟ್ಟೆಯ ತುಂಡುಗಳನ್ನು ಎತ್ತಿಕೊಡುವುದೂ ನನ್ನದೇ.

"ಆ ಹಸುರಿನ ಪಕ್ಕಕ್ಕೆ ಈ ಹಳದಿ ಬೇಡ ಕಣೋ, ಕಣ್ಣಿಗೆ ಹೊಡೆಯುತ್ತೆ. ಮಧ್ಯೆ ಆ ನೀಲಿ ಇಡು. ಹ್ಞಾ, ಈಗ ನೋಡು!"

ಐವತ್ತು ವರ್ಷ ಒಂದೇ ಬಣ್ಣವನ್ನುಟ್ಟ ಆಕೆಗೆ ಬಣ್ಣಗಳ ಪರಿಚಯವಿದ್ದಷ್ಟು ನಮ್ಮ ಮನೆಯಲ್ಲಿ ಮತ್ತಾರಿಗೂ ಇರಲಿಲ್ಲ. ಯಾವ ಸೀರೆ ಯಾರ ಸೀಮಂತದ್ದು, ಯಾವುದು ಯಾರ ಬಾಣಂತನದ್ದು ಎಂಬುದನ್ನು ಸೆರಗನ್ನು ಕೈಯಿಂದ ಸವರಿಯೇ ಹೇಳುತ್ತಿದ್ದಳು. ಹೊಲಿದದ್ದನ್ನು ತಾನು ಹೊದೆಯುತ್ತಿರಲಿಲ್ಲ. ಅವಳ ಮಡಿಗೆ ಅದು ಸಲ್ಲದು. ಚಾಪೆಯ ಮೇಲೆ ಧಾಬಳಿ, ಅಷ್ಟೆ. ಇಂದಿಗೂ ಅಂಗಡಿಯಲ್ಲಿ ಸೀರೆ ಆರಿಸುವಾಗ ಪತ್ನಿ ನನ್ನ ಮಾತು ಕೇಳುತ್ತಾಳೆ. ಇತರ ವಿಷಯಗಳಲ್ಲಿ ಅಷ್ಟಾಗಿ ಇಲ್ಲ. ಈ ಒಂದು ಗೌರವ ನನಗೆ ದೊರೆತಿರುವುದು ಮಡಿಯಜ್ಜಿಯ ಶಿಷ್ಯವೃತ್ತಿಯಿಂದ.

ಪತ್ನಿಯ ತವರು ಬಾಗಲಕೋಟೆಯ ಕಡೆ. ಆಕೆ ತಂದ ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುನೂಲುಗಳನ್ನು ಒಂದರೊಳಗೊಂದು ಕೊಂಡಿಹಾಕಿ ಸೇರಿಸುತ್ತಾರೆ. ಮಡಿಯಜ್ಜಿ ಇದ್ದಿದ್ದರೆ ಆ ಕೊಂಡಿಯನ್ನು ಬಹಳ ಹೊತ್ತು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು.

ಕಳೆದ ಬೇಸಗೆಯಲ್ಲಿ ಆ ಬೊಂತೆಯ ಒಂದು ಮೂಲೆ ಬಿಟ್ಟುಕೊಂಡಿತು. ಮಗ ಅದನ್ನು ಕೊಟ್ಟುಬಿಡೋಣವೆಂದ. ಪಡೆಯುವವರು ಯಾರಿದ್ದಾರೆಂದು ನಾನು ಕೇಳಿದ್ದಕ್ಕೆ ಸುಮ್ಮನಾದ. ಪತ್ನಿ ಹೊಲಿಗೆ ಬಿಚ್ಚಿದಳು. ಮೇಲಿನ ಬಣ್ಣಗಳ ಕೆಳಗೆ, ಒಳಪದರವಾಗಿ, ಒಂದೇ ಸಮನಾದ ಕೆಂಪುಬಟ್ಟೆ ಹಾಸಿತ್ತು. ಮಡಿಯಜ್ಜಿಯ ಹರಿದ ಸೀರೆ. ಅದನ್ನು ಮೇಲೆ ಕಾಣುವಂತೆ ಇಟ್ಟಿದ್ದರೆ ಮುತ್ತೈದೆಯರ ಮನೆಯಲ್ಲಿ ಯಾರೂ ಹೊದೆಯುತ್ತಿರಲಿಲ್ಲ. ಬಿಸಾಡುವುದಕ್ಕೆ ಆಕೆಗೆ ಮನಸ್ಸು ಬಂದಿರಲಾರದು. ನಾವೆಲ್ಲ, ಹುಡುಗರು, ಜ್ವರದಲ್ಲಿ ನಡುಗುವಾಗ ಹೊದ್ದುಕೊಂಡದ್ದು ಇದನ್ನೇ.

"ಹಾಂಗ ಒಳಗ ಇಡ್ಲೇನ್ರಿ, ಮ್ಯಾಲ ಹಚ್ಚಲೋ?" ಎಂದಳು ಪತ್ನಿ.

ಮೇಲಕ್ಕೇ ಹಾಕು ಎಂದೆ. ನಾಲ್ಕು ದಿನ ಕುಳಿತು ಹೊಲಿದಳು. ಸೂಜಿಗೆ ದಾರ ಪೋಣಿಸಿಕೊಟ್ಟವಳು ಮೊಮ್ಮಗಳು; ನನ್ನ ಕಣ್ಣಿಗೆ ಈಗ ಅದು ಆಗದ ಕೆಲಸ. ಕೆಂಪಿನ ಪಕ್ಕಕ್ಕೆ ಏನು ಬರಬೇಕೆಂಬ ಚರ್ಚೆಯಾಗಿ, ನಮ್ಮ ತಾಯಿಯ ನೀಲಿ ಸೀರೆಯ ತುಂಡು ಬಂತು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಬಿಸಿಲು ಕಾಣದೆ ಒಳಗೇ ಇದ್ದುದರಿಂದ, ಬೇರೆಲ್ಲ ಬಣ್ಣಗಳು ಮಾಸಿದ್ದರೂ ಆ ಕೆಂಪು ಮಾಸಿಲ್ಲ.