ಟೊಪೀಕದ ಇಟ್ಟಿಗೆಯ ಶಾಲೆ

ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ರಾಜಧಾನಿಯಾದ ಟೊಪೀಕ ಪಟ್ಟಣದಲ್ಲಿ ಮನ್ರೋ ಎಂಬ ಹಳೆಯ ಪ್ರಾಥಮಿಕ ಪಾಠಶಾಲೆಯೊಂದುಂಟು. ಕಳೆದ ಬೇಸಗೆಯಲ್ಲಿ ನಾವು ಹತ್ತು ವರ್ಷದ ಮಗಳೊಡನೆ ಅದನ್ನು ನೋಡಹೋದೆವು. 1926ರಲ್ಲಿ ಕಟ್ಟಿದ ಎರಡಂತಸ್ತಿನ ಇಟ್ಟಿಗೆಯ ಕಟ್ಟಡ, ವಿಶಾಲವಾದ ಕಿಟಕಿಗಳು. ಈಗ ಅಲ್ಲಿ ಪಾಠ ನಡೆಯುವುದಿಲ್ಲ. 2004ರಿಂದ ಅದು ರಾಷ್ಟ್ರೀಯ ಸ್ಮಾರಕವಾಗಿ ಜನರಿಗೆ ತೆರೆದಿದೆ. ಆ ಶಾಲೆಯ ವ್ಯಾಜ್ಯವು ದೇಶವನ್ನೇ ಅಲುಗಿಸಿತೆಂದು ಮಗಳಿಗೆ ದಾರಿಯಲ್ಲಿ ಹೇಳಿದ್ದೆವು.

"ಅಪ್ಪಾ, ಶಾಲೆ ಚೆನ್ನಾಗಿಯೇ ಇದೆಯಲ್ಲ! ವ್ಯಾಜ್ಯವೇತಕ್ಕೆ?" ಎಂದಳು.

ಪ್ರಶ್ನೆ ಸಣ್ಣದಲ್ಲ. 1945ರಲ್ಲಿ ಮಹಾಯುದ್ಧ ಮುಗಿದು, ಪರದೇಶಗಳಲ್ಲಿ ಹೋರಾಡಿದ ಕಪ್ಪು ಜನಾಂಗದ ಸೈನಿಕರು ಮನೆಗೆ ಮರಳಿದರು. ಆದರೂ ಅನೇಕ ಸಂಸ್ಥಾನಗಳಲ್ಲಿ ಅವರ ಮಕ್ಕಳಿಗೆ ಬೇರೆಯ ಶಾಲೆಯೇ ಗತಿಯಾಗಿತ್ತು. ಟೊಪೀಕದ ಲಿಂಡಾ ಬ್ರೌನ್ ಎಂಬ ಬಾಲಕಿಯ ಮನೆಗೆ ಸಮ್ನರ್ ಶಾಲೆ ಹತ್ತಿರವಾಗಿತ್ತು, ಅದು ಬಿಳಿಯರದು. ಆಕೆ ರೈಲು ಹಳಿಗಳ ನಡುವೆ ನಡೆದು, ಬಸ್ಸು ಹಿಡಿದು ಮನ್ರೋ ಶಾಲೆಗೆ ಬರಬೇಕಾಗಿತ್ತು. ಆಕೆಯ ತಂದೆ ಆಲಿವರ್ ಬ್ರೌನರೂ ಇನ್ನು ಹನ್ನೆರಡು ಮಂದಿ ಪೋಷಕರೂ 1951ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ, ಉಪಾಧ್ಯಾಯರು, ಪಾಠಕ್ರಮ ಇವೆಲ್ಲವೂ ಎರಡು ಕಡೆಯೂ ಬಹುಮಟ್ಟಿಗೆ ಸಮವೆಂದು ಕೆಳಗಿನ ನ್ಯಾಯಾಲಯವು ದಾವೆಯನ್ನು ತಳ್ಳಿಹಾಕಿತು. 1954ನೆಯ ಮೇ 17ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಏಕಮತದಿಂದ, ಬೇರ್ಪಡಿಸುವುದೇ ಅಸಮಾನತೆಯೆಂದು ತೀರ್ಪಿತ್ತರು. ತೀರ್ಪಿನಿಂದಲೇ ಎಲ್ಲವೂ ಸರಿಹೋಗಲಿಲ್ಲ. 1957ರಲ್ಲಿ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಸೈನಿಕರ ಕಾವಲಿನಲ್ಲಿ ಶಾಲೆಗೆ ಕರೆದೊಯ್ಯಬೇಕಾಯಿತು.

ಇಷ್ಟನ್ನು ಹೇಳಿ, "ಹಬ್ಬದ ದಿನ ಎಲ್ಲರಿಗೂ ಒಂದೇ ಅಡಿಗೆ ಮಾಡಿ, ಒಬ್ಬನನ್ನು ಮಾತ್ರ ಹಿತ್ತಿಲಲ್ಲಿ ಕೂರಿಸಿ ಬಡಿಸಿದರೆ ಅವನಿಗೆ ಹೇಗಾದೀತು?" ಎಂದೆವು.

ಅವಳು ಕೆಲಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಹೀಗಿರಲಿಲ್ಲವೆ?" ಎಂದು ಕೇಳಿದಳು.

ಇಲ್ಲವೆನ್ನಲು ನಾಲಗೆ ಬರಲಿಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಮಹಾರ್ ಜಾತಿಯ ಬಾಲಕನೊಬ್ಬನಿಗೆ ಪ್ರವೇಶ ದೊರೆಯಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡರೂ ಫಲವಾಗಲಿಲ್ಲ. ಅದನ್ನು ಹೇಳಿದೆವು. ಹಿತ್ತಿಲಿನ ಉಪಮಾನವು ನಮಗೆ ಹೊಳೆದದ್ದು ನಮ್ಮ ಅಜ್ಜನ ಮನೆಯಿಂದಲೇ ಎಂಬುದನ್ನೂ ಮುಚ್ಚಿಡಲಿಲ್ಲ.

ಪರರ ಚರಿತ್ರೆಯನ್ನು ಮಕ್ಕಳಿಗೆ ಬೋಧಿಸಹೊರಟವರು ತಮ್ಮ ಮನೆಯ ಚರಿತ್ರೆಯನ್ನೂ ಹೇಳಲು ಸಿದ್ಧರಾಗಿರಬೇಕು. ಆ ಇಟ್ಟಿಗೆಯ ಶಾಲೆಯಲ್ಲಿ ಅಂದು ಪಾಠ ಕಲಿತವರು ನಾವೇ.